ಅರ್ಧಕ್ಕೆ ಬತ್ತಿಸಿದ ನೀರು

ಬಿಕಾಜಾನಳ ಕೈಯಿಂದ ಉದುರಿದ ಗೊಬ್ಬರ ತಕ್ಕಡಿಯಲ್ಲಿ ತೂಗಿದಂತಿರುತ್ತದೆ ಎಂದು ಓಕ್‌ಯೋಪ್ ಊರಿನವರು ಹೇಳುತ್ತಿದ್ದರು. ಹದಿನೇಳನೇ ವಯಸ್ಸಿಗೆ ಸಾಮೂಹಿಕ ಜಮೀನಿನ ಹತ್ತಿ ಹೊಲಕ್ಕೆ ಇಳಿದವಳು, ಐವತ್ತು ದಾಟಿದರೂ ಅದೇ ಕೆಲಸದಲ್ಲಿದ್ದಳು. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಸಕ್ಕರೆಯಂಥ ಬಿಳಿ ಹರಳನ್ನು ಸಾಲಿನುದ್ದಕ್ಕೂ ಚೆಲ್ಲುತ್ತಾ ನಡೆಯುವಳು. ಬೆರಳ ಸಂದಿ ಒಡೆದು ಉರಿಯುತ್ತಿತ್ತು. ಅದಕ್ಕೆ ಕುರಿಯ ಕೊಬ್ಬು ಸವರಿಕೊಂಡರೆ ಆಯಿತು. ಮಾಸ್ಕೋದಿಂದ ಲೆಕ್ಕ ಬರುತ್ತಿತ್ತು, ಹೋದ ವರ್ಷಕ್ಕಿಂತ ಈ ವರ್ಷ ಹತ್ತಿ ಹೆಚ್ಚು ಬೇಕು ಎಂದು. ಹತ್ತಿ ಹೆಚ್ಚು ಬೇಕಾದರೆ ಗೊಬ್ಬರವೂ ಹೆಚ್ಚು ಬೇಕು. ಅದಕ್ಕಿಂತ ಮುಂದಕ್ಕೆ ಯಾರೂ ಯೋಚಿಸುತ್ತಿರಲಿಲ್ಲ. ಅವಳೂ ಯೋಚಿಸಲಿಲ್ಲ.

ಹತ್ತಿ ಅವರ ಮನೆಯ ಗೋಡೆಯವರೆಗೂ ಬಂದಿತ್ತು. ಗೋಡೆಯ ಈಚೆ, ಹಿಪ್ಪುನೇರಳೆ ಮರದ ಬುಡದಲ್ಲಿ, ಗಂಡ ಮತ್‌ಯಾಕುಬ್ ಆರು ಮಾರು ಆಳಕ್ಕೆ ಕೊಳವೆ ಇಳಿಸಿ ಕೈಪಂಪು ಕೂರಿಸಿದ್ದ. ಕಾಲುವೆಯ ನೀರು ಕುಡಿದು ಊರಿನಲ್ಲಿ ವರ್ಷವರ್ಷವೂ ಕಾಮಾಲೆ ಬರುತ್ತಿತ್ತು. ಬೇರೆ ಬಾವಿಗಳ ನೀರು ಉಪ್ಪು. ಬಿಕಾಜಾನಳ ಮನೆಯ ನೀರು ಮಾತ್ರ ಕನ್ನಡಿಯಂತೆ ತಿಳಿ, ಚಹಾಕ್ಕೆ ಹೇಳಿ ಮಾಡಿಸಿದ್ದು. ಬೀದಿಯ ಹೆಂಗಸರೆಲ್ಲ ಬಿಂದಿಗೆ ತರುತ್ತಿದ್ದರು.

ಆ ವರ್ಷದ ವಸಂತದಲ್ಲಿ ಸೊಸೆ ಇಂತಿಜಾರ್ ಹೆಣ್ಣು ಹೆತ್ತಳು. ಮಗ ಶೋನಜರ್ ಟ್ರ್ಯಾಕ್ಟರು ನಿಲ್ಲಿಸಿ ಓಡಿಬಂದ. ಮಗುವಿಗೆ ಅನಾಬೀಬಿ ಎಂದು ಹೆಸರಿಟ್ಟರು. ಬಾಣಂತಿಗೆ ಜ್ವರ ಏರಿ ವಾರದೊಳಗೆ ಎದೆಹಾಲು ಬತ್ತಿಹೋಯಿತು. ಶೋನಜರ್ ಪಟ್ಟಣದಿಂದ ಹಾಲಿನ ಪುಡಿಯ ಡಬ್ಬಿ ತಂದ.

“ನೀರಿನ ಜವಾಬ್ದಾರಿ ನಂದು,” ಎಂದಳು ಬಿಕಾಜಾನ್. “ನೀನು ಮಲಕ್ಕೋ ಮಗಳೇ.”

ಹಿಂದಿನ ವರ್ಷ ಪಕ್ಕದ ಮನೆಯ ಸಪರ್‌ಗುಲ್ ಕಾಮಾಲೆಯಲ್ಲಿ ಮಗುವನ್ನು ಕಳೆದುಕೊಂಡದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಹಾಗಾಗಿ ಪಂಪಿನ ನೀರನ್ನೂ ಅವಳು ಬರೀ ಕುದಿಸುತ್ತಿರಲಿಲ್ಲ. ಹತ್ತಿ ಕಡ್ಡಿಯ ಬೆಂಕಿ ಮಾಡಿ, ಕೊಪ್ಪರಿಗೆಯ ನೀರು ಅರ್ಧಕ್ಕೆ ಇಳಿಯುವವರೆಗೂ ಕೂತು ಕುದಿಸುವಳು. ಬಿಳಿ ಬಟ್ಟೆಯಲ್ಲಿ ಸೋಸಿ ಆರಿಸುವಳು. ಸಪರ್‌ಗುಲ್ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು.

“ಏನಕ್ಕಾ, ನೀರಿನ ಸಾರು ಮಾಡ್ತಿದ್ದೀಯಾ? ಒಂದು ಮೂಳೆ ಹಾಕು, ನಮಗೂ ಆಗುತ್ತೆ.”

“ನಿನ್ನ ನಾಲಗೇನೇ ಹಾಕ್ತೀನಿ ತಾಳು,” ಎನ್ನುವಳು ಬಿಕಾಜಾನ್.

ಒಂದೂವರೆ ತಿಂಗಳಿಗೆ ಮಗುವಿನ ತುಟಿಯ ಬಣ್ಣ ಬದಲಾಯಿತು. ಮೊದಲು ಬೂದಿ ಸವರಿದಂತೆ, ಆಮೇಲೆ ನೇರಳೆ ತಿಂದಂತೆ. ಉಗುರುಗಳೂ ಹಾಗೇ. ಜ್ವರವಿಲ್ಲ, ಕೆಮ್ಮಿಲ್ಲ. ದೃಷ್ಟಿಯಾಗಿದೆ ಎಂದು ಸಪರ್‌ಗುಲ್ ಒಣಸೊಪ್ಪಿನ ಹೊಗೆ ಹಾಕಿದಳು. ಊರಿನ ನರ್ಸು ಬಂದು, ಎದೆಗೆ ಕಿವಿಯಿಟ್ಟು, ಹೃದಯದಲ್ಲಿ ತೂತಿರಬಹುದು ಎಂದು ಹೋದಳು. ಮಗು ಸಪ್ಪಗಾದಷ್ಟೂ ಬಿಕಾಜಾನ್ ಹೆಚ್ಚು ಜತನ ಮಾಡಿದಳು. ಬಾಯಾರಿರಬಹುದೆಂದು ನಡುನಡುವೆ ಚಮಚದಲ್ಲಿ ಬರೀ ನೀರನ್ನೂ ಹಾಕಿದಳು.

ಒಂದು ಮಧ್ಯಾಹ್ನ ಮಗು ಅಳುವುದನ್ನೇ ನಿಲ್ಲಿಸಿತು. ಶೋನಜರ್ ಜಮೀನಿನ ಲಾರಿ ಹತ್ತಿಸಿ ಎಲ್ಲರನ್ನೂ ಆಸ್ಪತ್ರೆಗೆ ತಂದ. ಕಲಂದರ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಸೂಜಿ ಚುಚ್ಚಿ ರಕ್ತ ತೆಗೆದ. ಅದು ಕೆಂಪಗಿರಲಿಲ್ಲ, ನಿನ್ನೆಯ ಚಹಾದಂತೆ ಕಂದು. ಅವನು ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತಿರುಗಿದಾಗ ಅವನ ಮುಖವೇ ಬೇರೆಯಾಗಿತ್ತು.

“ಯಾವ ನೀರು ಕೊಡ್ತಿದ್ದೀರಿ?”

“ಪಂಪಿನ ನೀರು. ಊರಲ್ಲೇ ಒಳ್ಳೇ ನೀರು.”

“ಪಂಪಿನ ಹತ್ರ ಹೊಲ ಇದೆಯಾ?”

“ಗೋಡೆಯಾಚೆಗೇ ಹತ್ತಿ.”

ಅವನು ಟೆಲಿಫೋನಿಗೆ ಓಡಿದ. ಇದಕ್ಕೊಂದು ನೀಲಿ ಔಷಧಿ ಇದೆ, ಇಲ್ಲಿಲ್ಲ, ದೊಡ್ಡಾಸ್ಪತ್ರೆಯಿರುವ ಉರ್ಗೆಂಚಿನಿಂದ ಬರಬೇಕು ಎಂದ. ಔಷಧಿ ಹೊತ್ತ ಕಾರು ಸಂಜೆಗೆ ಬಂತು. ಮಗು ಅದಕ್ಕೆ ಮುಂಚೆಯೇ, ಅಜ್ಜಿಯ ತೊಡೆಯ ಮೇಲೆ, ಹೋಗಿಬಿಟ್ಟಿತ್ತು.

ಮೂರು ದಿನದ ಶೋಕ ಮುಗಿಸಿ ಬಿಕಾಜಾನ್ ಒಬ್ಬಳೇ ಬಸ್ಸು ಹತ್ತಿ ಡಾಕ್ಟರ ಬಳಿ ಹೋದಳು. “ನನಗೆ ತಿಳಿಯೋ ಹಾಗೆ ಹೇಳಪ್ಪಾ,” ಎಂದಳು.

ಅವನು ಹೇಳಿದ. ಹೊಲಕ್ಕೆ ಚೆಲ್ಲಿದ ಗೊಬ್ಬರವನ್ನೆಲ್ಲ ಗಿಡ ತಿನ್ನುವುದಿಲ್ಲ. ಉಳಿದದ್ದು ನೀರಿನ ಜೊತೆ ನೆಲಕ್ಕಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರು ತಡೆದುಕೊಳ್ಳುತ್ತಾರೆ. ಎಳೆಗೂಸಿನ ರಕ್ತ ಮಾತ್ರ ಉಸಿರನ್ನು ಹೊರಲಾರದೆ ಹೋಗುತ್ತದೆ.

“ಆದರೆ ನಾನು ಕುದಿಸ್ತಿದ್ದೆನಲ್ಲ,” ಎಂದಳು. “ಅರ್ಧಕ್ಕೆ ಬತ್ತಿಸಿ ಕೊಡ್ತಿದ್ದೆ.”

ಕಲಂದರ್ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದ.

“ಹೇಳಪ್ಪಾ. ನನ್ನ ಮಗನ ವಯಸ್ಸು ನಿಂದು. ಸುಳ್ಳು ಹೇಳ್ಬೇಡ.”

“ಕುದಿಸಿದರೆ ಕಾಮಾಲೆ ಸಾಯುತ್ತಮ್ಮ. ಇದು ಸಾಯಲ್ಲ. ನೀರು ಆವಿಯಾಗುತ್ತೆ, ಇದು ತಳದಲ್ಲೇ ಉಳಿಯುತ್ತೆ.”

“ಅಂದ್ರೆ ಎರಡರಷ್ಟು.”

ಮಗುವಿನ ಸಾವಿನ ಕಾಗದದಲ್ಲಿ ಏನು ಬರೆದಿದ್ದೀ ಎಂದು ಅವಳು ಕೇಳಿದಳು. ಹೃದಯದ ಕಾಯಿಲೆ ಎಂದು ಬರೆದಿದ್ದ. ನೀರು ಎಂದು ಬರೆ ಎಂದಳು. “ಬರೆದರೆ ನಾನಿಲ್ಲಿ ಇರಲ್ಲಮ್ಮ, ನೀರು ಹಾಗೇ ಇರುತ್ತೆ,” ಎಂದ ಅವನು.

ಮನೆಗೆ ಬಂದವಳೇ ಪಂಪಿನ ಹಿಡಿಕೆ ಬಿಚ್ಚಿ ಒಳಗಿಟ್ಟು ಬೀಗ ಹಾಕಿದಳು. ಮೂರನೆಯ ದಿನ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು.

“ನಿನ್ನ ಮೊಮ್ಮಗು ಹೋಯ್ತು ಅಂತ ನಮ್ಮ ಮಕ್ಕಳು ಕಾಲುವೆ ನೀರು ಕುಡಿದು ಸಾಯ್ಬೇಕಾ?” ಎಂದಳು ಸಪರ್‌ಗುಲ್. ಈ ಸಲ ಅವಳು ನಗುತ್ತಿರಲಿಲ್ಲ.

ಸಪರ್‌ಗುಲ್ ಹೇಳಿದ್ದೂ ನಿಜವೇ. ಮತ್‌ಯಾಕುಬ್ ಬೀಗ ತೆಗೆದು ಹಿಡಿಕೆಯನ್ನು ಮತ್ತೆ ಕೂರಿಸಿದ. ಎಳೆಗೂಸಿಗೆ ಈ ನೀರು ಬೇಡವೆಂದು ಬಸುರಿಯರಿಗೂ ಬಾಣಂತಿಯರಿಗೂ ಬಿಕಾಜಾನ್ ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಕೇಳಿ ತಲೆಯಾಡಿಸಿದರು. ಕೇಳಿ ಮಾಡುವುದೇನು, ಕಾಲುವೆಗೂ ಅದೇ ಹೊಲಗಳ ನೀರೇ ಬಸಿಯುತ್ತಿತ್ತು, ಕುಡಿಯಲಾಗುವ ಮೂರನೆಯ ನೀರು ಎಲ್ಲಿತ್ತು?

ಇಂತಿಜಾರ್ ಅತ್ತೆ ಬಗ್ಗಿಸಿಕೊಟ್ಟ ಚಹಾ ಕುಡಿಯುವುದನ್ನು ಬಿಟ್ಟಳು. ಒಂದು ದಿನ ಬಿಕಾಜಾನ್ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಬತ್ತಿಸಿದ್ದನ್ನೂ.

“ಗೊತ್ತಮ್ಮ,” ಎಂದಳು ಸೊಸೆ. “ಡಾಕ್ಟರು ಇವರಿಗೆ ಅವತ್ತೇ ಹೇಳಿದ್ರು. ನೀವು ಬೇಕಂತ ಮಾಡಿಲ್ಲ ಅನ್ನೋದೂ ಗೊತ್ತು. ಆದ್ರೆ ನನ್ನ ಕೈಲಿ ನಿಮ್ಮ ಕೈ ನೋಡೋಕಾಗಲ್ಲ.”

ಶರತ್ಕಾಲದಲ್ಲಿ ಹತ್ತಿ ಬಿಡಿಸಿದ ಮೇಲೆ ಅವಳು ತವರಿಗೆ ಹೋದಳು. ಶೋನಜರ್ ಎರಡು ಸಲ ಕರೆಯಲು ಹೋಗಿಬಂದ. ಮೂರನೆಯ ಸಲ ಹೋದವನು ಅಲ್ಲೇ ಕೆಲಸ ಹಿಡಿದು ಉಳಿದ.

ಮರುವಸಂತಕ್ಕೆ ಗೊಬ್ಬರದ ಲಾರಿ ಬಂತು. ತಂಡದ ಯಜಮಾನ ಮದ್ರಹೀಮನ ಬಳಿ ಬಿಕಾಜಾನ್ ಬೇರೆ ಕೆಲಸ ಕೇಳಿದಳು.

“ನಿನ್ನಂಥ ಕೈ ಯಾರಿಗಿದೆ ಅಕ್ಕಾ?” ಎಂದು ಅವನು ಚೀಲ ಎತ್ತಿಕೊಟ್ಟ.

ಊರ ಪಕ್ಕದ ಸಾಲುಗಳಿಗೆ ಅವಳು ಬೆರಳು ಬಿಗಿಹಿಡಿದು ಚೆಲ್ಲಿದಳು. ಸಂಜೆಗೆ ಮೂರು ಚೀಲ ಉಳಿದವು. ಬಸಿಗಾಲುವೆಗೆ ಸುರಿಯೋಣವೆಂದು ದಂಡೆಯವರೆಗೆ ಎಳೆದುಕೊಂಡು ಹೋದಳು. ಆ ಕಾಲುವೆ ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಆ ಕೆರೆ ಆಗಲೇ ಪಾಚಿಗಟ್ಟಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೂಳೋಣವೆಂದರೆ ನೆಲದಡಿ ಎಲ್ಲರ ಬಾವಿ. ಕತ್ತಲಾಗುವವರೆಗೂ ಅವಳು ಚೀಲಗಳ ಮೇಲೆ ಕೂತಿದ್ದಳು. ಭೂಮಿಯ ಮೇಲೆ ಅದನ್ನು ಇಡಲು ಒಂದು ಜಾಗವಿರಲಿಲ್ಲ. ಮರುದಿನ ಮದ್ರಹೀಮ್ ಚೀಲಗಳನ್ನು ಕಂಡು ಬೈದ, ಅವಳೇ ಅವನ್ನು ಅವೇ ಸಾಲುಗಳಿಗೆ ಚೆಲ್ಲಿದಳು.

ಪಿಂಚಣಿ ಬರುವವರೆಗೆ ಇನ್ನೂ ಮೂರು ವಸಂತ ಅವಳು ಆ ಕೆಲಸ ಮಾಡಿದಳು. ಅಷ್ಟರಲ್ಲಿ ಓಕ್‌ಯೋಪ್‌ನಲ್ಲಿ ಮತ್ತೆರಡು ಕೂಸುಗಳು ನೀಲಿಗಟ್ಟಿ ಹೋದವು. ಎರಡರ ಕಾಗದದಲ್ಲೂ ಹೃದಯ ಎಂದೇ ಬರೆದಿತ್ತು.