ಅಂಕಿಗೆ ಸೇರಿದ ಸೈಕಲ್

ಎರಡು ಊರಿನ ಕಳ್ಳತನದ ಅಂಕಿಗಳನ್ನು ಯಾರಾದರೂ ಪಕ್ಕಪಕ್ಕ ಇಟ್ಟರೆ ನನಗೆ ನನ್ನ ಹಳೇ ಸೈಕಲ್ ನೆನಪಾಗುತ್ತದೆ.

ಆಗ ನಾನು ನಾಸಿಕ್‌ನಲ್ಲಿ ಬ್ಯಾಂಕ್ ಗುಮಾಸ್ತ. ಸಹೋದ್ಯೋಗಿ ಧಾರವಾಡದ ಹಿರೇಮಠರಿಗೆ ಅಲ್ಲೇ ಉಳಿಯುವ ಇಲ್ಲವೇ ಔರಂಗಾಬಾದಿಗೆ ಹೋಗುವ ಆಯ್ಕೆ ಸಿಕ್ಕಿತ್ತು. ಎರಡೂ ಊರಿನ ಕಳವಿನ ಅಂಕಿಗಳಿದ್ದ ಮರಾಠಿ ಪತ್ರಿಕೆಯ ತುಣುಕು ಹಿಡಿದು ನನ್ನ ಮೇಜಿಗೆ ಬಂದರು.

“ನೋಡ್ರಿ, ಸೈಕಲ್ ಕಳವು ನಾಸಿಕ್‌ದಾಗ ಜಾಸ್ತಿ ಅದ. ನಾ ಔರಂಗಾಬಾದಿಗೇ ಹೋಗಾಂವ.”

ಆ ಅಂಕಿಯಲ್ಲಿ ಒಂದು ನನ್ನದು. ಹಿಂದಿನ ವರ್ಷ ಉಡುಪಿ ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿ, ತಿಂಡಿ ತಿಂದು, ಗೆಳೆಯನ ಸ್ಕೂಟರ್ ಹತ್ತಿ ಮನೆಗೆ ಹೋಗಿಬಿಟ್ಟಿದ್ದೆ. ಬೆಳಿಗ್ಗೆ ಅಂಗಳ ಖಾಲಿ ಕಂಡು ನೇರ ಠಾಣೆಗೆ ಹೋಗಿ ದೂರು ಬರೆಸಿದೆ. ಸಂಜೆ ಹೋಟೆಲಿನ ಭಟ್ಟರು, “ನಿಮ್ಮ ಸೈಕಲ್ ಒಳಗೆ ಇಟ್ಟಿದ್ದೇನೆ ಮಾರಾಯ್ರೆ, ತಗೊಂಡು ಹೋಗಿ” ಎಂದರು. ಠಾಣೆಗೆ ಹೋಗಿ ಅದನ್ನು ಹೇಳಲು ನಾಚಿಕೆಯಾಗಿ ದೂರನ್ನು ಹಾಗೇ ಬಿಟ್ಟೆ. ಹಿರೇಮಠರಿಗೂ ಅವರ ತುಣುಕನ್ನು ಹಾಗೇ ವಾಪಸ್ ಕೊಟ್ಟೆ.

ಅವರು ಹೋದ ಕೆಲವು ತಿಂಗಳಿಗೆ ಬ್ಯಾಂಕಿನ ಕೆಲಸದ ಮೇಲೆ ನಾನೂ ಔರಂಗಾಬಾದಿಗೆ ಹೋದೆ. ಹಿರೇಮಠರು ಬೆವರುತ್ತಾ ನಡೆದುಕೊಂಡೇ ಬ್ಯಾಂಕಿಗೆ ಬಂದರು.

“ಸೈಕಲ್ ಎಲ್ಲಿ?” ಎಂದೆ.

“ಮನಿ ಮುಂದ ಕೀಲಿ ಹಾಕಿ ನಿಲ್ಲಿಸಿದ್ದೆ. ಎಂಟು ದಿನ ಆತು, ಕಾಣವಲ್ದು.”

“ಠಾಣೆಗೆ ಹೋಗಿ ಬರೆಸಿದ್ರೋ ಇಲ್ಲೋ?”

“ಛೆ ಛೆ, ಈ ಊರಾಗ ಕಳವು ಭಾಳ ಕಡಿಮಿ ಅದರಿ. ನಾನೇ ಎಲ್ಲೋ ಮರತು ಬಂದಿರಬೇಕು. ಹುಡುಕ್ಲಿಕ್ಕೆ ಹತ್ತೀನಿ.”

ಮರುವರ್ಷದ ಪತ್ರಿಕೆಯಲ್ಲೂ ಔರಂಗಾಬಾದಿನ ಅಂಕಿಯೇ ಚೆನ್ನಾಗಿತ್ತು.