ತಂಗಿ ಹೇಳಿದ ನಂಬರು

ತಂಗಿ ಮಾಡಿಕೊಟ್ಟ ಕಂಡಿಕೆಗಳನ್ನು ಅಪ್ಪ ಹೊಗಳಿದ ದಿನ ನಾನು ಮಧ್ಯಾಹ್ನ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಹೊಟ್ಟೆ ಸರಿಯಾಗಿಯೇ ಇತ್ತು, ಉರಿಯುತ್ತಿತ್ತು ಅಷ್ಟೆ.

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆ. ಅಡ್ಡ ಹಾಯುವ ನೂಲನ್ನು ಅದಕ್ಕೆ ಸುತ್ತಿಡುತ್ತಾರೆ. ಸೇಲಂನ ನಮ್ಮ ತವರಿನಲ್ಲಿ ಅಪ್ಪ ಇವತ್ತಿಗೂ ಬಿಳಿ ರೇಷ್ಮೆ ಪಂಚೆ ನೇಯುತ್ತಾರೆ. ಅವರ ಹಳೆಯ ಕಂಡಿಕೆಗಳು ಸವೆದು ಸೀಳುಬಿಟ್ಟಿದ್ದವು, ಮಾಡಿಕೊಡುತ್ತಿದ್ದವರು ಕೆಲಸ ನಿಲ್ಲಿಸಿದ್ದರು. ಪ್ಲಾಸ್ಟಿಕ್ಕಿನಲ್ಲಿ ನಾನು ಪ್ರಿಂಟ್ ಮಾಡಿಕೊಡುತ್ತೇನೆ ಎಂದು ಮೊದಲು ಹೇಳಿದವಳು ನಾನು. ಒತ್ತಿ ಹೇಳುತ್ತಿದ್ದೇನೆ, ಮೊದಲು ಹೇಳಿದವಳು ನಾನು. ಸೇಲಂನದೇ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ನನಗೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ತ್ರೀಡಿ ಪ್ರಿಂಟರನ್ನು ನಮ್ಮ ಕಡೆ ಮನೆಗೆ ತಂದವಳೂ ನಾನೇ. ಕಾರಿಮಂಗಲಂಗೆ ಮದುವೆಯಾಗಿ ಹೋದ ತಂಗಿ ಅದನ್ನು ನೋಡಿಯೇ ಅಂಥದ್ದೇ ಒಂದು ಕೊಂಡಳು. ಅವಳು ಓದಿದ್ದು ತಮಿಳು ಬಿ.ಎ.

ಅಷ್ಟರಲ್ಲಿ ನನ್ನ ಯಂತ್ರದ ಸೆನ್ಸರ್ ಕೆಟ್ಟಿತು. ಪ್ಲಾಸ್ಟಿಕ್ ಕರಗುವ ಮೂತಿ ಎಷ್ಟು ಕಾದಿದೆ ಎಂದು ತಿಳಿಸುವ, ಸಾಸಿವೆ ಕಾಳಿನಷ್ಟು ಗಾತ್ರದ ವಸ್ತು ಅದು. ಅದು ರಿಪೇರಿಯಾಗುವ ಮೊದಲೇ ತಂಗಿ ಹತ್ತು ಕಂಡಿಕೆ ತಂದು ಅಪ್ಪನ ಕೈಯಲ್ಲಿಟ್ಟಳು. ಅಪ್ಪ ಒಂದನ್ನು ಕೆನ್ನೆಗೆ ಸವರಿಕೊಂಡು ನೋಡಿ, "ರೇಷ್ಮೆ ಮೇಲೆ ರೇಷ್ಮೆ ಸುತ್ದಂಗೈತೆ" ಅಂದರು. ನಲವತ್ತು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅಪ್ಪ ಅಷ್ಟು ಉದ್ದದ ಮಾತಾಡಿದ್ದು ನೆನಪಿಲ್ಲ.

ಹೊಸ ಸೆನ್ಸರ್ ತಂದು ಕೂರಿಸಿದೆ. ಅಲ್ಲಿಗೆ ಮುಗಿಯುವುದಿಲ್ಲ. ಬಂದಿರುವುದು ಯಾವ ಜಾತಿಯ ಸೆನ್ಸರ್ ಎಂದು ಪ್ರಿಂಟರಿನ ಫರ್ಮ್‌ವೇರಿಗೆ, ಅಂದರೆ ಅದನ್ನು ನಡೆಸುವ ಪ್ರೋಗ್ರಾಮಿಗೆ, ಹೇಳಬೇಕು. ಪ್ರತಿ ಜಾತಿಗೂ ಒಂದೊಂದು ನಂಬರು ಇದೆ. ತಪ್ಪು ನಂಬರು ಕೊಟ್ಟರೆ ಯಂತ್ರ ಕೂಗಾಡುವುದಿಲ್ಲ, ನಿಲ್ಲುವುದಿಲ್ಲ. ತಪ್ಪು ಡಿಗ್ರಿಯನ್ನು ಬಹಳ ಗಂಭೀರವಾಗಿ ತೋರಿಸುತ್ತಾ ಕೆಲಸ ಮಾಡುತ್ತದೆ. ನನ್ನ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ತಂಗಿಯೂ ಹಿಂದಿನ ತಿಂಗಳು ಅದೇ ಅಂಗಡಿಯಿಂದ ಅದೇ ಸೆನ್ಸರ್ ಒಯ್ದು ಹಾಕಿದ್ದಳು. ಎರಡು ದಿನ ತಡೆದುಕೊಂಡೆ. ಆಮೇಲೆ ಹಲ್ಲು ಕಚ್ಚಿಕೊಂಡು ಅವಳಿಗೆ ಫೋನ್ ಮಾಡಿದೆ.

"ಸುಮ್ನೆ ಕೇಳ್ದೆ ಕಣೆ, ಆ ಸೆನ್ಸರಿಗೆ ನೀನು ಯಾವ ನಂಬರ್ ಹಾಕ್ದೆ?"

ಆ ಕಡೆ ಕುಕ್ಕರ್ ಕೂಗುತ್ತಿತ್ತು. "ಅದುಕ್ಯಾಕಕ್ಕಾ ಅಷ್ಟು ಯೋಚ್ನೆ ಮಾಡ್ತೀಯ? ಅಲ್ಲೊಂದು ಆಕು, ಸರಿಯಾಯ್ತದೆ" ಅಂದಳು.

ನನಗೆ ಕೇಳಿಸಿದ್ದು ಹಾಗೆ. ಅಲ್ಲಿ ಒಂದು ಹಾಕು. ಫರ್ಮ್‌ವೇರಿನ ಪಟ್ಟಿಯಲ್ಲೂ ಮೊದಲ ನಂಬರೇ ಒಂದು, ಅನುಮಾನಕ್ಕೆ ಜಾಗವೇ ಇರಲಿಲ್ಲ. ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಎರಡನೇ ಸಲ ಕೇಳಿದರೆ ಅವಳು ಟೀಚರ್, ನಾನು ಹಿಂದಿನ ಬೆಂಚು. ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟೆ.

ಒಂದು ಹಾಕಿದೆ. ಇನ್ನೂರು ಡಿಗ್ರಿಗೆ ಇಟ್ಟು ಆರು ಕಂಡಿಕೆ ತೆಗೆದೆ. ಕಣ್ಣಿಗೆ ಚೆನ್ನಾಗಿಯೇ ಇದ್ದವು. ಬೆಳಕಿಗೆ ಹಿಡಿದರೆ ಮಾತ್ರ ಮೈಮೇಲೆ ಜೇಡದ ಎಳೆಯಂಥ ಸಣ್ಣ ಸಣ್ಣ ನವಿರು. ಉಗುರಿನಲ್ಲಿ ಕೆರೆದು, ಇಷ್ಟು ಪರವಾಗಿಲ್ಲ ಎಂದುಕೊಂಡು ಅಪ್ಪನಿಗೆ ಕೊಟ್ಟೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ನಾಲ್ಕು ಸಲ ಲಾಳಿ ಹೊಡೆದರು. ರೇಷ್ಮೆ ಸಿಕ್ಕಿಕೊಂಡು ಪಟಕ್ಕನೆ ಹರಿಯಿತು. ಗಂಟು ಹಾಕಿ ಮತ್ತೆ ಹೊಡೆದರು, ಮತ್ತೆ ಹರಿಯಿತು. ನನ್ನ ಕಂಡಿಕೆ ತೆಗೆದು ಪಕ್ಕಕ್ಕಿಟ್ಟು, ತಂಗಿಯದನ್ನು ಹಾಕಿಕೊಂಡರು. "ಪರವಾಯಿಲ್ಲೆ ಮ್ಮಾ, ಇದು ಇರ್ಲಿ, ಬೇರೆ ಏನುಕ್ಕಾದ್ರೂ ಆಯ್ತದೆ" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಲ್ಯಾಬಿನಿಂದ ತಾಪಮಾಪಕ ತಂದು ಮೂತಿಗೆ ತಾಗಿಸಿದೆ. ಪರದೆ ಇನ್ನೂರು ಎನ್ನುತ್ತಿತ್ತು, ಮೂತಿ ಇನ್ನೂರ ಹತ್ತರಲ್ಲಿತ್ತು. ಪ್ಲಾಸ್ಟಿಕ್ ಬೇಕಾದ್ದಕ್ಕಿಂತ ನೀರಾಗಿ ಎಳೆ ಬಿಡುತ್ತಿತ್ತು. ನಂಬರು ತಪ್ಪು. ಆ ಕ್ಷಣ ನನಗೆ ಬೇಜಾರಾಗಲಿಲ್ಲ, ಸಂತೋಷವೇ ಆಯಿತು. ನಾನು ಗೆಲ್ಲಬಾರದೆಂದು ಅವಳು ಬೇಕಂತಲೇ ತಪ್ಪು ನಂಬರು ಕೊಟ್ಟಿದ್ದಾಳೆ! ಕೂತು ಪಟ್ಟಿ ಓದಿದ್ದರೆ ಸರಿಯಾದದ್ದು ನನಗೇ ಸಿಗುತ್ತಿತ್ತು. ಆದರೆ ನನಗೆ ಸರಿ ಮಾಡಿಕೊಳ್ಳುವುದಕ್ಕಿಂತ ಅವಳನ್ನು ಹಿಡಿಯುವುದು ಮುಖ್ಯವಾಗಿತ್ತು.

ಭಾನುವಾರ ಅವಳು ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ತವರಿಗೆ ಬಂದಳು. ಚಪ್ಪಲಿ ಬಿಡುವುದಕ್ಕೂ ಬಿಡದೆ, ಅಪ್ಪನ ಎದುರಿಗೇ ಕೇಳಿದೆ. "ನಂಗ್ಯಾಕೆ ಒಂದು ಅಂತ ಸುಳ್ಳು ಹೇಳ್ದೆ?"

"ಯಾರು ಏಳಿದ್ದು ಒಂದೂಂತ?" ಅವಳ ಮುಖ ಸಣ್ಣಗಾಯಿತು. "ಅನ್ನೊಂದು ಆಕು ಅಂದೆ ತಾನೇ ಅಕ್ಕಾ! ಪದಿನೊಣ್ಣು!" ಎಂದು ತಮಿಳಿನಲ್ಲೂ ಹೇಳಿ, ಎರಡು ಬೆರಳು ಪಕ್ಕಪಕ್ಕ ಹಿಡಿದು ತೋರಿಸಿದಳು. ಹನ್ನೊಂದು.

ನಮ್ಮ ಮನೆಯ ಕನ್ನಡದಲ್ಲಿ ಹಕಾರ ಇಲ್ಲ. ಹತ್ತು ಅತ್ತು, ಹನ್ನೊಂದು ಅನ್ನೊಂದು. ನನ್ನ ಗಂಡನ ಕಡೆಯವರು ಮೈಸೂರಿನವರು, ಅವರ ನಡುವೆ ನಾನು ಹಕಾರ ಕಲಿತೆ. ಕಲಿತದ್ದಷ್ಟೇ ಅಲ್ಲ, ತಂಗಿ ಬಾಯಿ ತೆರೆದಾಗಲೆಲ್ಲ "ಅಲ್ಲು ನೋಯ್ತೈತೇನೆ?" ಎಂದು ಆಡಿಕೊಳ್ಳುತ್ತಿದ್ದೆ. ಹುಟ್ಟಿದ ಮನೆಯ ಮಾತು ನನ್ನ ಕಿವಿಗೆ ಅಷ್ಟು ದೂರವಾಗಿತ್ತು. ಅನ್ನೊಂದು ಎಂದದ್ದು ಅಲ್ಲೊಂದು ಆಗಿತ್ತು.

ತಪ್ಪು ಅವಳದಾಗಿದ್ದರೆ ಎಷ್ಟು ಹಾಯಾಗಿರುತ್ತಿತ್ತು! ಅವಳ ಕಣ್ಣಲ್ಲಿ ನೀರಿತ್ತು, ಅದನ್ನೂ ಒರೆಸಿಕೊಂಡು, "ನಾನೇ ಬರ್ದು ಕಳಿಸ್ಬೇಕಿತ್ತು ಬಿಡಕ್ಕಾ" ಅಂದಳು. ಒಳ್ಳೆಯವಳಾಗುವುದರಲ್ಲೂ ನನಗಿಂತ ಮುಂದೆ. ನಾನು ಕ್ಷಮೆ ಕೇಳಲಿಲ್ಲ. ಕುಕ್ಕರ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಅಂದೆ.

ಮನೆಗೆ ಹೋಗಿ ಹನ್ನೊಂದು ಹಾಕಿದೆ. ಇನ್ನೂರು ಎಂದಿದ್ದು ಇನ್ನೂರಕ್ಕೇ ನಿಂತಿತು. ಮೊದಲ ಕಂಡಿಕೆ ಹೊರಬಂದಾಗ ಕೆನ್ನೆಗೆ ಸವರಿಕೊಂಡು ನೋಡಿದೆ. ಎಲ್ಲೂ ಒಂದು ನವಿರಿಲ್ಲ. ಹನ್ನೆರಡು ಮಾಡಿದೆ, ಅವಳಿಗಿಂತ ಎರಡು ಹೆಚ್ಚು.

ಅಪ್ಪ ಒಂದಕ್ಕೆ ರೇಷ್ಮೆ ಸುತ್ತಿ ಲಾಳಿಗೆ ಹಾಕಿ, ಗೇಣುದ್ದ ನೇಯ್ದರು. ಎಲ್ಲೂ ಹರಿಯಲಿಲ್ಲ. ನಾನು ಗುಂಡಿಯ ಅಂಚಿನಲ್ಲಿ ಕೂತು ಅವರ ಬಾಯನ್ನೇ ನೋಡುತ್ತಿದ್ದೆ. ಲಾಳಿ ನಿಲ್ಲಿಸಿ, ಕಂಡಿಕೆ ಹೊರಗೆ ತೆಗೆದು, ಹೆಬ್ಬೆರಳಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು.

"ಬಲೇ ಚೆಂದಾಗೈತೆ ಮ್ಮಾ" ಅಂದರು ಅಪ್ಪ. "ಚಿಕ್ಕೋಳು ಮಾಡ್ದಂಗೇ ಐತೆ."