ಖಾಲಿ ಕೊಡಬಾರದ ಬಟ್ಟಲು

ಈ ಮುಂಜಾನೆ ಮಜ್ಜಿಗೆಯನ್ನು ನಮ್ಮ ಪಾತ್ರೆಗೆ ಸುರಿದುಕೊಂಡು, ಪಕ್ಕದ ಮನೆಯ ಸ್ಟೀಲ್ ಬಟ್ಟಲನ್ನು ತೊಳೆದು, ಹಾಗೆಯೇ ಗೋಡೆಯ ಮೇಲಿಡಲು ಹೊರಟಿದ್ದೆ. ಒಳಗೆ ಏನೂ ಹಾಕಿರಲಿಲ್ಲ. ಹಾಕಬೇಕೆಂದು ಗೊತ್ತಿಲ್ಲದೆ ಅಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆಯುವಷ್ಟೂ ಕೈ ಏಳಲಿಲ್ಲ. ಮರೆವಿನ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ದಣಿವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳಿದರೂ ಅಷ್ಟೇ.

ಆಳಂದದ ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಅಂಟಿಲ್ಲ. ನಮ್ಮ ಹಿತ್ತಿಲ ಗೋಡೆಗೂ ಮಹಬೂಬಿಯ ಗೋಡೆಗೂ ನಡುವೆ ಒಂದು ಬೆಕ್ಕು ಹಾಯುವಷ್ಟು ಸಂದಿ. ಆಕೆಗೆ ಎಮ್ಮೆಯಿದೆ. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ದಿನಾ ಒಂದು ಬಟ್ಟಲು ಮಜ್ಜಿಗೆ ಆ ಸಂದಿ ದಾಟಿ ಬರುತ್ತದೆ. ಬಂದ ಬಟ್ಟಲು ಖಾಲಿ ಮರಳಬಾರದು. ಒಂದು ಹಿಡಿ ಶೇಂಗಾ, ಎರಡು ಹಸಿಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಬೆಲ್ಲದ ಚೂರು. ಮದುವೆಯಾದ ಹೊಸದರಲ್ಲಿ ನಾನು ಬಟ್ಟಲನ್ನು ಥಳಥಳ ತಿಕ್ಕಿ, ಖಾಲಿ ಇಟ್ಟು, ಶಹಬ್ಬಾಸ್‌ಗಾಗಿ ಕಾದು ನಿಂತಿದ್ದೆ.

“ಬಟ್ಲಾ ಬೆಳಗೀದಿ, ಬುದ್ಧಿ ಬೆಳಗೂದು ಮರ್ತಿ ನೋಡವಾ,” ಅಂದರು ಅತ್ತೆ. “ಖಾಲಿ ಕೊಟ್ರ, ಸಾಕು ಇನ್ ಬ್ಯಾಡ ಅಂದಂಗ.”

ಅದೇ ಅತ್ತೆ ಕೆಲವು ವರ್ಷಗಳ ಹಿಂದೆ ಒಂದು ದಿನ ನನ್ನನ್ನು ದಿಟ್ಟಿಸಿ, “ಯಾರ ಪೈಕಿ ಬೇ ನೀ?” ಎಂದು ಕೇಳಿದರು. ಚೇಷ್ಟೆಯೆಂದು ನಕ್ಕೆ. ಆಮೇಲೆ ತವರೂರಿನ ಧ್ಯಾನ ಹಿಡಿಯಿತು. ಕುಂತಲ್ಲಿ ನಿಂತಲ್ಲಿ, “ಹಿರೋಳ್ಳಿ ಬಸ್ ಬಂತೇನು?” ಕಲಬುರಗಿಗೆ ಕರೆದೊಯ್ದೆವು. ಡಾಕ್ಟರು ಹಾಳೆಯ ಮೇಲೆ ಬೇರಿನಂಥ ಎರಡು ಗೆರೆ ಎಳೆದರು.

“ಒಂದ್ ನರದ ತುದಿ ಇನ್ನೊಂದಕ್ಕ ಹತ್ತಿರಂಗಿಲ್ರಿ ತಾಯಿ. ನಡುವ ಸಣ್ಣ ಸಂದಿ ಇರ್ತದ. ಈ ಕಡಿ ಒಂದಿಷ್ಟು ರಸ ಬಿಡ್ತದ, ಆ ಕಡಿ ಹಿಡ್ಕೋತದ. ಆ ಜಾಗಕ್ಕ ಸಿನಾಪ್ಸ್ ಅಂತೇವ್ರಿ. ಕೊಟ್ಟು ತಗೊಂಡಷ್ಟು ಅದು ಗಟ್ಟಿ ಆಗ್ತದ. ಕಲಿಯೋದು, ನೆನಪಿಡೋದು ಎಲ್ಲಾ ಅದರಿಂದನ.”

“ಮತ್ತ ನಮ್ಮ ಅತ್ತಿಯವರಿಗಿ ಏನಾಗ್ಯದ್ರಿ?”

“ಈ ರೋಗದಾಗ ನರ ಸಾಯೋಕ್ಕಿಂತ ಮೊದಲ ಆ ಜೋಡಣಿ ಕಡೀತಾವ್ರಿ. ಹಳೇವು, ಗಟ್ಟಿ ಆದಾವು, ಒಂದಿಷ್ಟು ದಿನ ತಡೀತಾವ.”

“ಗುಳಿಗಿ ತಗೊಂಡ್ರ ತಿರುಗಿ ಕೂಡ್ತಾವೇನ್ರಿ?”

“ಇಲ್ರಿ. ಇದ್ದದ್ದರಾಗ ಸ್ವಲ್ಪ ಅನುಕೂಲ, ಅಷ್ಟೇ.”

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಎಲ್ಲ ತಿಳಿಯಿತೆಂದರೆ ಶಿವ ಮೆಚ್ಚನು. ಆದರೆ ಬಸ್ಸು ಕಡಗಂಚಿ ದಾಟುವಾಗ ಹೊಳೆಯಿತು: ಇದು ನಮ್ಮ ಹಿತ್ತಿಲ ಸಂದಿಯೇ. ಅತ್ತೆಯ ತಲೆಯೊಳಗೆ ಮನೆಗಳಿನ್ನೂ ನಿಂತಿವೆ, ಬಟ್ಟಲು ಮಾತ್ರ ದಾಟುತ್ತಿಲ್ಲ. ಇದರಿಂದ ನನ್ನ ಕೆಲಸವೇನೂ ಕಡಿಮೆಯಾಗಲಿಲ್ಲ. ಸಿಟ್ಟು ಸ್ವಲ್ಪ ಇಳಿಯಿತು. ಅದನ್ನೂ ಶಿವನ ಕೃಪೆಯೆಂದೇ ಎಣಿಸಿಕೊಂಡೆ.

ಹೋದ ಬೇಸಿಗೆಯ ಮಾತು. ಮುಂಜಾನೆ ಪೂಜೆ ಮುಗಿಸಿದ ಅತ್ತೆಯ ಕೊರಳು ಬರಿದಾಗಿತ್ತು. ಅಂಗೈ ಮೇಲಿಟ್ಟು ಪೂಜಿಸಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅವರ ಮೈಬಿಟ್ಟು ಅಗಲಿರಲಿಲ್ಲ. ಮಕ್ಕಳ ಹೆಸರು ಮರೆತವರು ಇದೊಂದನ್ನು ಮರೆತಿರಲಿಲ್ಲ. “ಲಿಂಗ ಇಲ್ದ ನೀರು ಇಳಸಂಗಿಲ್ಲ,” ಎಂದು ತುಟಿ ಬಿಗಿದು ಕೂತರು. ನಾನು ಹಿಟ್ಟಿನ ಡಬ್ಬಿ, ದಿಂಬಿನ ಚೀಲ, ಕೊನೆಗೆ ಬಚ್ಚಲ ಮೋರಿಗೂ ಕೈ ಹಾಕಿದೆ. ಬಿಸಿಲು ಏರಿತು. ಅವರ ನಾಲಿಗೆ ಒಣಗಿ ಮಾತು ತೊದಲತೊಡಗಿತು. ಚಮಚದಲ್ಲಿ ನೀರು ಹಿಡಿದರೆ ಮುಖ ತಿರುವುತ್ತಾರೆ. ನಮ್ಮ ಯಜಮಾನರಿಗೆ ಅಳುವೊಂದು ಬಾಕಿ.

“ಮಠದಿಂದ ಇನ್ನೊಂದ್ ತಂದು ಕೈಯಾಗ ಇಡೋಣೇನು? ಅವ್ವಗ ಏನ್ ಗೊತ್ತಾಗ್ತದ?”

“ಅವರಿಗಿ ಗೊತ್ತಾಗ್ಲಿಕ್ಕಿಲ್ರಿ. ನನಗ ಗೊತ್ತಾಗ್ತದಲ್ಲ,” ಅಂದೆ. ಅಂದೆನೇ ಹೊರತು, ಕತ್ತಲಾದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಹೊತ್ತು ಮುಳುಗುವ ಮುಂಚೆ ಮಹಬೂಬಿ ಮುಂಬಾಗಿಲಿನಿಂದ ಬಂದಳು. ತಲೆಯ ಮೇಲೆ ಸೆರಗು, ಎರಡೂ ಕೈಯಲ್ಲಿ ಬಟ್ಟಲು. ಬೆಳಿಗ್ಗೆ ಗೋಡೆಯ ಮೇಲಿಂದ ಅದನ್ನು ಮುಚ್ಚಳ ಸಮೇತ ತೆಗೆದು ಗೂಡಿನಲ್ಲಿಟ್ಟು, ಇಜೇರಿಯಲ್ಲಿರುವ ಮಗಳ ಮನೆಗೆ ಹೋಗಿದ್ದಳಂತೆ. ಮರಳಿ ಬಂದು ಮುಚ್ಚಳ ತೆಗೆದರೆ ಒಳಗೆ ಕರಡಿಗೆ!

“ಅವ್ವಾ, ನಿನ್ನ ದೇವ್ರು ನಮ್ಮ ಮನಿಗಿ ಬಂದಿದ್ದ. ನಾ ಇರ್ಲಿಲ್ಲ. ಪಾಪ, ದಿನಾಪೂರ್ತಿ ಒಂದ್ ಕಪ್ ಚಹಾ ಕೇಳೋರಿಲ್ಲ!”

ನಾನು ತೊಳೆದು ಬೋರಲು ಹಾಕಿದ್ದ ಖಾಲಿ ಬಟ್ಟಲು ಅತ್ತೆಯ ಕಣ್ಣಿಗೆ ಬಿದ್ದಿರಬೇಕು. ಆಗ ಕೈಯಲ್ಲಿದ್ದದ್ದನ್ನು ಹಾಕಿ, ಮುಚ್ಚಿ, ಗೋಡೆಯ ಮೇಲಿಟ್ಟಿದ್ದರು. ಈಗ ಬಟ್ಟಲಿನಿಂದ ಲಿಂಗವನ್ನು ಎತ್ತಿಕೊಂಡು ಕಣ್ಣಿಗೊತ್ತಿ, ಮತ್ತೊಮ್ಮೆ ಪೂಜೆ ಮಾಡಿ, ತಂಬಿಗೆ ನೀರನ್ನು ಗಟಗಟ ಕುಡಿದರು. “ಹಿರೋಳ್ಳಿ ಬಸ್ ಹೋಯ್ತೇನು?” ಎಂದರು. ನಾನು ಅಡುಗೆಮನೆಗೆ ಓಡಿದೆ. ಮಹಬೂಬಿ ಹಿಂದೆಯೇ ಬಂದಳು.

“ಅಳಬ್ಯಾಡ ಬೇ. ಆಕಿ ಕಳಕೊಂಡಿಲ್ಲ. ನನಗ ಕೊಟ್ಟಾಳ.”

ಈಗ ಅತ್ತೆ ಲಿಂಗವನ್ನೂ ಕೇಳುವುದಿಲ್ಲ. ನಾನೇ ಅಂಗೈ ಮೇಲಿಟ್ಟರೆ ಯಾರದೋ ಸಾಮಾನೆಂಬಂತೆ ನೋಡುತ್ತಾರೆ. ಹಿರೋಳ್ಳಿ ಬಸ್ಸೂ ನಿಂತಿದೆ. ಗೋಡೆಯಾಚೆಯಿಂದ ಮಹಬೂಬಿ ಕೂಗಿದರೆ ತಿರುಗುವುದಿಲ್ಲ. ಆದರೂ ಆಕೆ ದಿನಾ ಕೂಗುತ್ತಾಳೆ. ಅತ್ತೆಯ ಮಾತು ನಿಂತು ಎಷ್ಟೋ ದಿನವಾಯಿತು. ಯಾರಿಗಾಗಿ ಈ ಕೊಡು-ಕೊಳ್ಳು ಎನಿಸಿಯೇ ಈ ಮುಂಜಾನೆ ಖಾಲಿ ಬಟ್ಟಲು ಹಿಡಿದು ಗೋಡೆಯತ್ತ ನಡೆದದ್ದು.

“ಖಾಲಿ ಕೊಡಬ್ಯಾಡವಾ.”

ತಿರುಗಿ ನೋಡಿದೆ. ಹಿತ್ತಿಲ ಬಾಗಿಲಲ್ಲಿ ಕೂತ ಅತ್ತೆಯ ಕಣ್ಣು ಬಟ್ಟಲಿನ ಮೇಲಿತ್ತು.

“ಏನ್ ಹಾಕ್ಲಿ, ಯವ್ವಾ?”

ಆ ಎರಡು ಮಾತು, ಅಷ್ಟೇ ದಾಟಿ ಬಂದದ್ದು.

ಒಳಗೆ ಹೋಗಿ ಬೆಲ್ಲದ ಡಬ್ಬಿ ತೆಗೆದೆ. ಒಂದು ಚೂರು ಅತ್ತೆಯ ಬಾಯಿಗೆ, ಒಂದು ಬಟ್ಟಲಿಗೆ. ಗೋಡೆಯ ಮೇಲಿಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಸಂದಿಯಾಚೆಯಿಂದ ಬಳೆಯ ಕೈಯೊಂದು ಬಂದು ಅದನ್ನು ಒಯ್ದಿತು.